ಟವೆಲ್ ಯಾವ ಬ್ಯಾಗಲ್ಲಿದೆ?

ರೈಲಿನ ಸ್ಲೀಪರ್ ಡಬ್ಬಿಯಲ್ಲಿ ಒಬ್ಬರು 40 ಕೆಜಿ ಸಾಮಾನನ್ನು ಪುಕ್ಕಟೆ ಒಯ್ಯಬಹುದು. ನಮ್ಮ ಹುಬ್ಬಳ್ಳಿ-ಧಾರವಾಡದ ಬಹಳ ಮಂದಿಗೆ ಈ ನಿಯಮ ಗೊತ್ತಿಲ್ಲ, ಗೊತ್ತಾಗುವ ಪ್ರಸಂಗವೂ ಬಂದಿಲ್ಲ. ಯಾರು ತೂಗಿ ನೋಡುತ್ತಾರೆ? 2023ರಲ್ಲಿ ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರ್ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದದ್ದು ಅಂತ ಗಿನ್ನೆಸ್ ದಾಖಲೆ ಸೇರಿತು. ಆ ಪ್ಲಾಟ್‌ಫಾರ್ಮಿನ ಮೇಲೆ ನಡೆಯುವವರ ಕೈ ನೋಡಿ. ಒಂದರಲ್ಲಿ ಸೂಟ್‌ಕೇಸು, ಇನ್ನೊಂದರಲ್ಲಿ ಬುತ್ತಿಗಂಟು, ಬಗಲಲ್ಲಿ ಬೆಂಗಳೂರಿನ ಮಗಳ ಮನೆಗೆ ಅಂತ ಜೋಳದ ಹಿಟ್ಟಿನ ಚೀಲ. ಸೀಟಿನ ಕೆಳಗೆ ಹಿಡಿದರೆ ಆಯಿತು. ಹಿಡಿಯದಿದ್ದರೆ ಎದುರಿನವರ ಸೀಟಿನ ಕೆಳಗೆ ಜಾಗ ಇದ್ದೇ ಇರುತ್ತದೆ.

ವಿಮಾನದಲ್ಲಿ ಎದುರಿನವರು ಅಂತ ಯಾರೂ ಇಲ್ಲ. ದೇಶದೊಳಗಿನ ಸಾಮಾನ್ಯ ಟಿಕೆಟ್ಟಿಗೆ ಬಹುಪಾಲು ಕಂಪನಿಗಳು ಕೊಡುವುದು ಚೆಕ್-ಇನ್‌ಗೆ 15 ಕೆಜಿ, ಕೈಯಲ್ಲಿ 7 ಕೆಜಿ. ಅಷ್ಟೇ. ಒಂದೇ ಪಿಎನ್‌ಆರ್‌ನಲ್ಲಿ ಮನೆಮಂದಿಯೆಲ್ಲ ಇದ್ದರೆ ಕೌಂಟರಿನಲ್ಲಿ ಸಾಮಾನ್ಯವಾಗಿ ಒಟ್ಟು ತೂಕ ನೋಡುತ್ತಾರೆ, ಆದರೆ ಒಬ್ಬರಿಗೆ ಎಷ್ಟು ಬ್ಯಾಗು ಅನ್ನುವುದಕ್ಕೂ ಲೆಕ್ಕ ಇರುತ್ತದೆ. ಟಿಕೆಟ್ಟಿನ ಸಣ್ಣಕ್ಷರ ಓದಿಕೊಳ್ಳುವುದು ಒಳ್ಳೆಯದು. ಇನ್ನೊಂದು, ಯಾವ ಬ್ಯಾಗೂ ಒಂಟಿಯಾಗಿ 32 ಕೆಜಿ ದಾಟುವಂತಿಲ್ಲ. ಅದನ್ನು ಎತ್ತಿ ಹಾಕುವ ಹಮಾಲನ ನಡುವಿನ ಸಲುವಾಗಿ ಮಾಡಿದ ನಿಯಮ ಅದು. ದುಡ್ಡು ಕಟ್ಟುತ್ತೇನೆ ಅಂದರೂ ನಡೆಯುವುದಿಲ್ಲ.

ಈ ಕೆಜಿ ಲೆಕ್ಕ ನಮ್ಮ ಮನೆಯಲ್ಲಿ ಯಾವತ್ತೂ ಕಷ್ಟವಾಗಿಲ್ಲ. ನಮ್ಮನೆಯವರದು ಅಮರಗೋಳದ ಎಪಿಎಂಸಿಯಲ್ಲಿ ದಲಾಲಿ ಅಂಗಡಿ. ಚೀಲ ಒಂದು ಸಲ ಎತ್ತಿ ಇಳಿಸಿದರೆ ಅರ್ಧ ಕೆಜಿ ಆಚೀಚೆ ತೂಕ ಹೇಳುತ್ತಾರೆ. "ಹದಿನಾರೂವರಿ ಅದ. ಒಂದೆರಡು ಸೀರಿ ತಗಿ," ಅನ್ನುತ್ತಾರೆ, ತಕ್ಕಡಿ ಹಾಕಿದರೆ ಹದಿನಾರೂವರೆಯೇ ಇರುತ್ತದೆ. ಆದರೆ ಆ ಬ್ಯಾಗಿನ ಒಳಗೆ ಏನಿದೆ ಅಂತ ಕೇಳಿ, ಒಂದೂ ಗೊತ್ತಿರುವುದಿಲ್ಲ. ಅದು ನನಗೆ ಗೊತ್ತಿರಬೇಕು. ರಜೆ ಮುಗಿಯುವವರೆಗೂ ಗೊತ್ತಿರಬೇಕು. ಈ ಬರಹ ಬರೆಯಲು ಕೂತದ್ದೇ ಅದರ ಸಲುವಾಗಿ.

ಈ ಸಲ ನಾವು ಹೋಗಿದ್ದು ಅಂಡಮಾನಿಗೆ. ನಾನು, ನಮ್ಮನೆಯವರು, ಎರಡು ಮಕ್ಕಳು, ಅತ್ತೆ. ಹುಬ್ಬಳ್ಳಿಯಿಂದ ಬೆಂಗಳೂರು, ಅಲ್ಲಿಂದ ಪೋರ್ಟ್ ಬ್ಲೇರ್. ಪೋರ್ಟ್ ಬ್ಲೇರ್‌ಗೆ 2024ರಲ್ಲಿ ಶ್ರೀ ವಿಜಯ ಪುರಂ ಅಂತ ಹೆಸರಿಟ್ಟಿದ್ದಾರೆ, ನಮ್ಮ ಬಾಯಿಗೆ ಇನ್ನೂ ಹಳೆಯದೇ ಬರುತ್ತದೆ. ಅಲ್ಲಿಂದ ಹಡಗಿನಲ್ಲಿ ಹ್ಯಾವ್‌ಲಾಕ್ ದ್ವೀಪ. ರೆಸಾರ್ಟ್ ಇರುವುದು ಅಲ್ಲಿ. ಅಂದರೆ ಸಾಮಾನು ಕಾರು ಹತ್ತಬೇಕು, ಎರಡು ವಿಮಾನ ಹತ್ತಬೇಕು, ಹಡಗು ಹತ್ತಬೇಕು, ಮತ್ತೆ ಗಾಡಿ ಹತ್ತಬೇಕು. ಇದರಲ್ಲಿ ಯಾವುದು ಚಿಕ್ಕದೋ ಅದೇ ನಿಜವಾದ ಮಿತಿ. ಜನ ವಿಮಾನದ ಮಿತಿ ಒಂದನ್ನೇ ನೋಡುತ್ತಾರೆ. ನಮ್ಮ ಮೊದಲ ಪರೀಕ್ಷೆ ಧಾರವಾಡದ ಮನೆ ಬಾಗಿಲಲ್ಲೇ ಇತ್ತು. ಬಾಡಿಗೆ ಕಾರಿನ ಡಿಕ್ಕಿ ತೆಗೆದರೆ ಅರ್ಧ ಜಾಗ ಸಿಎನ್‌ಜಿ ಸಿಲಿಂಡರಿನದು. ಇದು ಈಗ ಎಲ್ಲ ಕಡೆ ಇರುವ ಕಥೆ. ಗಾಡಿ ಹೇಳುವಾಗಲೇ "ಡಿಕ್ಕಿ ಖಾಲಿ ಇರ್ತದೇನು?" ಅಂತ ಕೇಳಿಕೊಳ್ಳಿ.

ಗೋಕುಲ ರೋಡಿನ ನಮ್ಮ ವಿಮಾನ ನಿಲ್ದಾಣ ಸಣ್ಣದು, ಅಲ್ಲಿಂದ ಬೆಂಗಳೂರಿಗೆ ಹಾರುವ ವಿಮಾನವೂ ಸಣ್ಣದಿರಬಹುದು. ಎಟಿಆರ್ 72 ಅಂತ, ರೆಕ್ಕೆಗೆ ದೊಡ್ಡ ಪಂಖ ಇರುವಂಥದ್ದು. ಅದರ ತಲೆ ಮೇಲಿನ ಗೂಡು ಗಿಡ್ಡ. ದೊಡ್ಡ ವಿಮಾನದಲ್ಲಿ ಸಲೀಸಾಗಿ ಹಿಡಿಯುವ ಟ್ರಾಲಿ ಇಲ್ಲಿ ಹಿಡಿಯುವುದಿಲ್ಲ. ಮೆಟ್ಟಿಲ ಹತ್ತಿರವೇ ತೆಗೆದುಕೊಂಡು, ಚೀಟಿ ಕಟ್ಟಿ, ಹೊಟ್ಟೆಗೆ ಹಾಕಿಬಿಡುತ್ತಾರೆ. ತಕರಾರೇನಿಲ್ಲ. ಆದರೆ ಆ ಟ್ರಾಲಿಯಲ್ಲಿ ಏನಿತ್ತು? ಪವರ್ ಬ್ಯಾಂಕ್ ಇದ್ದರೆ ಅದನ್ನು ತೆಗೆದೇ ಕೊಡಬೇಕು. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಮೇಲೆ ಜನರ ನಡುವೆ ಇದ್ದಾಗ ಆರಿಸಬಹುದು, ಕೆಳಗೆ ಸಾಮಾನಿನ ನಡುವೆ ಯಾರಿಗೂ ಕಾಣುವುದಿಲ್ಲ, ಅದಕ್ಕೇ ಅದು ಕೈಯಲ್ಲೇ ಇರಬೇಕು ಅನ್ನುವ ನಿಯಮ. 100 ವ್ಯಾಟ್-ಅವರ್‌ವರೆಗೆ ಅನುಮತಿ ಬೇಕಿಲ್ಲ. ಎಲ್ಲರ ಕೈಯಲ್ಲಿರುವ 20,000 ಎಂಎಎಚ್‌ನದ್ದು ಸುಮಾರು 74 ಆಗುತ್ತದೆ. ಅತ್ತೆಯ ಬಿಪಿ ಗುಳಿಗೆ, ಮನೆ ಕೀಲಿ, ಬಂಗಾರ, ಪವರ್ ಬ್ಯಾಂಕ್, ಆಧಾರ್ ಕಾರ್ಡು, ಇವಿಷ್ಟಕ್ಕೆ ಬೇರೆ ಒಂದು ಸಣ್ಣ ಬಟ್ಟೆಚೀಲ ಮಾಡಿ ಟ್ರಾಲಿಯ ಮೇಲ್ಗಡೆ ಇಟ್ಟಿರಬೇಕು. ಟ್ರಾಲಿ ಕೇಳಿದರೆ ಚೀಲ ಎತ್ತಿಕೊಂಡು ಟ್ರಾಲಿ ಕೊಟ್ಟುಬಿಡುವುದು. ಹಿಂದೆ ಸಾಲು ನಿಂತಿರುವಾಗ ಜಿಪ್ಪು ಬಿಚ್ಚಿ ಒಳಬಟ್ಟೆಗಳ ನಡುವೆ ಗುಳಿಗೆ ಹುಡುಕುವುದು ಇದೆಯಲ್ಲ, ಅದು ಯಾರಿಗೂ ಬೇಡ.

ಅತ್ತೆಯ ಸಾಮಾನಿನ ಬಗ್ಗೆ ಸ್ವಲ್ಪ ಹೇಳಬೇಕು. ಅವರ ಪಟ್ಟಿ ಬಾಯಲ್ಲೇ ಇರುತ್ತದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಅಡಕೊತ್ತು, ಒಂದು ಸ್ಟೀಲಿನ ವಾಟಗ, ಉಡಿ ಸಾಮಾನು. ಸಮುದ್ರ ದಾಟುತ್ತಿದ್ದೇವೆ, ಗಂಗವ್ವನಿಗೆ ಉಡಿ ತುಂಬದೆ ದಾಟುವುದು ಹೇಗೆ? ಉಡಿ ಅಂದಮೇಲೆ ಕೊಬ್ಬರಿ ಬಟ್ಟಲು. ತೊಡಕು ಬಂದದ್ದು ಅಲ್ಲಿ. ಒಣ ಕೊಬ್ಬರಿಯನ್ನು ವಿಮಾನದಲ್ಲಿ ಕೈಯಲ್ಲೂ ಒಯ್ಯುವಂತಿಲ್ಲ, ಚೆಕ್-ಇನ್‌ನಲ್ಲೂ ಹಾಕುವಂತಿಲ್ಲ. ಅದರಲ್ಲಿ ಎಣ್ಣೆ ಜಾಸ್ತಿ. ತಾನಾಗಿಯೇ ಕಾದು ಹೊತ್ತಿಕೊಳ್ಳಬಹುದಾದ ವಸ್ತುಗಳ ಗುಂಪಿನಲ್ಲಿ ಅದನ್ನು ಇಟ್ಟಿದ್ದಾರೆ. ಅತ್ತೆಗೆ ಇದನ್ನು ಹೇಳಿದಾಗ ನನ್ನ ಮುಖವನ್ನೇ ನೋಡಿದರು. "ಕೊಬ್ಬರಿ ಹೊತ್ಗೋತದಂತ? ನಮ್ಮ ಅಡಗಿಮನಿಯೊಳಗ ಐವತ್ತು ವರ್ಷದಿಂದ ಅದ, ಒಮ್ಮೆರ ಹೊತ್ಗೊಂಡದೇನವಾ?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಂಡಮಾನಿನಲ್ಲಿ ತೆಂಗಿಗೆ ಬರವೇ? ಅಲ್ಲೇ ಕಾಯಿ ಕೊಂಡೆವು. ಅಡಕೊತ್ತು ಹರಿತ ಸಾಮಾನು, ಅದು ಚೆಕ್-ಇನ್‌ನಲ್ಲಿ ಹೋಯಿತು. ಬೆಂಕಿಪೊಟ್ಟಣ ಎರಡರಲ್ಲೂ ಬೇಡ ಅಂತ ಊದಿನಕಡ್ಡಿಯ ಜತೆಗಿದ್ದದ್ದನ್ನು ಮನೆಯಲ್ಲೇ ಬಿಟ್ಟೆವು.

ರೊಟ್ಟಿಯ ವಿಷಯದಲ್ಲಿ ಮಾತ್ರ ನಾನು ಅತ್ತೆಯ ಪಕ್ಷ. ರೆಸಾರ್ಟಿಗೆ ಹೋಗುವಾಗ ರೊಟ್ಟಿ ಯಾಕೆ ಅಂತ ನಗುವವರಿದ್ದಾರೆ. ನಗಲಿ. ಖಡಕ್ ರೊಟ್ಟಿಯಷ್ಟು ಹಗುರ, ಕೆಡದ, ಹೊಟ್ಟೆ ತುಂಬುವ ಪ್ರಯಾಣದ ಊಟ ಬೇರೆ ಇಲ್ಲ. ಬಫೆಯಲ್ಲಿ ನಲವತ್ತು ಬಗೆ ಇಟ್ಟಿದ್ದರೂ ಎರಡು ದಿನ ಆದಮೇಲೆ ಎಲ್ಲದರ ರುಚಿ ಒಂದೇ ಆಗುತ್ತದೆ. ಒಯ್ಯುವ ರೀತಿ ಮಾತ್ರ ಗೊತ್ತಿರಬೇಕು. ಚೆಕ್-ಇನ್ ಬ್ಯಾಗಿಗೆ ಹಾಕಿದರೆ ಇಳಿಯುವಾಗ ರೊಟ್ಟಿಯ ನುಚ್ಚು ಸಿಗುತ್ತದೆ. ಗಟ್ಟಿ ಡಬ್ಬಿಯಲ್ಲಿ, ಕೈಯಲ್ಲಿ. ಎಣ್ಣೆ ಉಪ್ಪಿನಕಾಯಿ, ತುಪ್ಪ ಕೈಯಲ್ಲಿ ಬೇಡ, ಎರಡು ಪ್ಲಾಸ್ಟಿಕ್ ಸುತ್ತಿ ಕೆಳಗಿನ ಬ್ಯಾಗಿಗೆ. ಚಟ್ನಿಪುಡಿಯ ಪೊಟ್ಟಣ ತೆಗೆದು ತೋರಿಸಿ ಅಂತ ಸೆಕ್ಯೂರಿಟಿಯವರು ಕೇಳಬಹುದು, ತೋರಿಸಿದರಾಯಿತು.

ಬಟ್ಟೆಯ ವಿಚಾರದಲ್ಲಿ ನಮ್ಮ ಕಡೆಯವರ ಅಂದಾಜು ತಪ್ಪುವುದು ಎಣಿಕೆಯಲ್ಲಿ ಅಲ್ಲ, ಗಾಳಿಯಲ್ಲಿ. ಧಾರವಾಡದಲ್ಲಿ ಬೇಸಿಗೆಯಲ್ಲಿ ಮಾಳಿಗೆ ಮೇಲೆ ಬಟ್ಟೆ ಹಾಕಿದರೆ ಎರಡು ತಾಸಿಗೆ ಪಾಪಡ. ದ್ವೀಪದಲ್ಲಿ ಹಾಗಲ್ಲ. ಅಲ್ಲಿಯ ಗಾಳಿಯಲ್ಲೇ ನೀರಿದೆ. ರಾತ್ರಿ ಒಣ ಹಾಕಿದ ಕಾಟನ್ ಬಟ್ಟೆ ಬೆಳಿಗ್ಗೆಯೂ ಹಸಿಹಸಿ. "ತೊಳಕೊಂಡು ಹಾಕ್ಕೋಬಹುದು" ಅಂತ ಕಡಿಮೆ ಒಯ್ದರೆ ಫಜೀತಿ. ರೆಸಾರ್ಟಿನ ಲಾಂಡ್ರಿ ಇದೆ, ಆದರೆ ಒಂದೊಂದು ಬಟ್ಟೆಗೆ ಒಂದೊಂದು ರೇಟು. ಮಗನ ಬನಿಯನ್ ತೊಳೆಸಿದ ದುಡ್ಡಿಗೆ ದುರ್ಗದ ಬೈಲಿನಲ್ಲಿ ಹೊಸ ಬನಿಯನ್ನೇ ಬರುತ್ತದೆ. ಹಾಗಾಗಿ ಬೇಗ ಒಣಗುವ ತೆಳು ಬಟ್ಟೆ, ಒಂದು ನೈಲಾನ್ ಹಗ್ಗ, ನಾಲ್ಕು ಕ್ಲಿಪ್ಪು. ಈಜುಕೊಳಕ್ಕೆ ಕಾಟನ್ ಬಟ್ಟೆಯಲ್ಲಿ ಬಹಳ ಕಡೆ ಇಳಿಸುವುದಿಲ್ಲ, ನೈಲಾನಿನದೇ ಬೇಕು, ಅದನ್ನು ಊರಲ್ಲೇ ಕೊಂಡುಕೊಳ್ಳುವುದು ಅಗ್ಗ. ಟವೆಲ್ ರೆಸಾರ್ಟಿನವರೇ ಕೊಡುತ್ತಾರೆ. ಆದರೂ ನಾವು ಒಯ್ಯುತ್ತೇವೆ. ಅವರ ಟವೆಲ್ ಎಷ್ಟು ಮಂದಿ ಬಳಸಿದ್ದಾರೋ ಅನ್ನುವ ಅತ್ತೆಯ ಪ್ರಶ್ನೆಗೆ ಯಾವ ಸ್ಟಾರೂ ಸಮಾಧಾನ ಹೇಳಲಾರದು.

ಬ್ಯಾಗಿನ ಗಾಲಿ ಬಗ್ಗೆಯೂ ಒಂದು ಮಾತು. ನಿಲ್ಲಿಸಿಕೊಂಡು ಎಳೆಯುವ ಉದ್ದ ಹಿಡಿಕೆಯ ಬ್ಯಾಗನ್ನು 1987ರಲ್ಲಿ ರೂಪಿಸಿದವರು ರಾಬರ್ಟ್ ಪ್ಲಾತ್ ಅನ್ನುವ ಅಮೆರಿಕದ ಪೈಲಟ್. ಅವರ ಓಡಾಟ ವಿಮಾನ ನಿಲ್ದಾಣದ ನುಣುಪು ನೆಲದ ಮೇಲೆ. ಈಗ ಬರುವ ನಾಲ್ಕು ಗಾಲಿಯವಂತೂ ಬರೀ ಆ ನೆಲಕ್ಕೇ ಹುಟ್ಟಿದಂತಿವೆ. ದ್ವೀಪದಲ್ಲಿ ಜೆಟ್ಟಿಯ ಒರಟು ಕಾಂಕ್ರೀಟು, ಆಮೇಲೆ ಮರಳು. ಅಲ್ಲಿ ನಾಲ್ಕು ಗಾಲಿಯ ಚಂದದ ಬ್ಯಾಗನ್ನು ನಮ್ಮನೆಯವರು ಜೋಳದ ಚೀಲ ಹೊರುವ ಹಾಗೆ ಹೆಗಲಿಗೇರಿಸಿದರು. ದೊಡ್ಡ ಗಾಲಿಯ ಎರಡು ಗಾಲಿ ಬ್ಯಾಗೇ ವಾಸಿ. ಬೆನ್ನಿಗೆ ಹಾಕುವುದಾದರೆ ಇನ್ನೂ ವಾಸಿ.

ಇನ್ನು ಹಂಚಿ ತುಂಬುವ ವಿಷಯ. ಒಬ್ಬೊಬ್ಬರಿಗೆ ಒಂದೊಂದು ಬ್ಯಾಗು ಅಂತ ಮಾಡುವುದು ಅಚ್ಚುಕಟ್ಟು. ನಿಮ್ಮದು ನೀವು ತುಂಬಿ, ನೀವೇ ಹುಡುಕಿಕೊಳ್ಳಿ. ಮಕ್ಕಳಿಗೂ ಜವಾಬ್ದಾರಿ ಬರುತ್ತದೆ. ಆದರೆ ವಿಮಾನ ಬದಲಿಸುವ ಪ್ರಯಾಣದಲ್ಲಿ ಇದು ಅಪಾಯ. ಒಂದು ಬ್ಯಾಗು ಕಾಣೆಯಾದರೆ ಒಬ್ಬರ ಇಡೀ ರಜೆ ಕಾಣೆ. ಅದಕ್ಕೇ ಎಲ್ಲರ ಬಟ್ಟೆಯನ್ನೂ ಎಲ್ಲ ಬ್ಯಾಗಿನಲ್ಲೂ ಸ್ವಲ್ಪ ಸ್ವಲ್ಪ ಹಂಚಿದ್ದೆವು. ಅದು ಕೆಲಸಕ್ಕೂ ಬಂತು. ಬೆಂಗಳೂರಿನಲ್ಲಿ ವಿಮಾನ ಬದಲಾಗುವಾಗ ನಮ್ಮ ಒಂದು ಬ್ಯಾಗು ಹಿಂದೆ ಉಳಿಯಿತು. ಪೋರ್ಟ್ ಬ್ಲೇರ್‌ನ ಬೆಲ್ಟಿನ ಮೇಲೆ ಎಲ್ಲರ ಬ್ಯಾಗೂ ಬಂದವು, ನಮ್ಮ ಕೆಂಪು ಲೇಸಿನದು ಒಂದು ಬರಲಿಲ್ಲ. ಹಳೇ ಸೀರೆಯ ಅಂಚು ಹರಿದು ಹಿಡಿಕೆಗೆ ಕಟ್ಟುವುದು ಅತ್ತೆಯ ಉಪಾಯ, ಕಪ್ಪು-ನೀಲಿ ಬ್ಯಾಗುಗಳ ರಾಶಿಯಲ್ಲಿ ಅದೇ ದೂರದಿಂದ ಕಾಣುವುದು.

ಇಂಥ ಹೊತ್ತಿನಲ್ಲಿ ನಿಲ್ದಾಣದಿಂದ ಹೊರಗೆ ಬೀಳಬಾರದು. ಬೆಲ್ಟಿನ ಹತ್ತಿರವೇ ಕಂಪನಿಯ ಕೌಂಟರಿಗೆ ಹೋಗಿ ಪಿಐಆರ್ ಅನ್ನುವ ದೂರು ಫಾರ್ಮ್ ಬರೆಸಬೇಕು. ಬೋರ್ಡಿಂಗ್ ಪಾಸಿಗೆ ಅಂಟಿಸಿದ ಚೀಟಿಯಲ್ಲಿ ಹತ್ತು ಅಂಕಿಯ ನಂಬರು ಇರುತ್ತದಲ್ಲ, ಬ್ಯಾಗಿನ ಗುರುತು ಅದೇ. ಅದರ ಮೇಲೆ ಊರಿನ ಮೂರಕ್ಷರದ ಕೋಡೂ ಇರುತ್ತದೆ, ನಮ್ಮ ಹುಬ್ಬಳ್ಳಿಯದು ಎಚ್‌ಬಿಎಕ್ಸ್, ಪೋರ್ಟ್ ಬ್ಲೇರ್‌ನದು ಐಎಕ್ಸ್‌ಝಡ್. ಹುಬ್ಬಳ್ಳಿಯಲ್ಲಿ ಬ್ಯಾಗು ಕೊಡುವಾಗಲೇ ಕೊನೆಯ ಊರಿನ ಕೋಡ್ ಬಿದ್ದಿದೆಯಾ ಅಂತ ನೋಡಿಕೊಳ್ಳಬೇಕು. ಫಾರ್ಮಿನಲ್ಲಿ ವಿಳಾಸ ಕೇಳಿದಾಗ ನಮ್ಮನೆಯವರು ರೂಢಿಯಂತೆ ಧಾರವಾಡದ ಮನೆ ವಿಳಾಸ ಹೇಳತೊಡಗಿದರು. ನಾನು ರೆಸಾರ್ಟಿನದು ಬರೆಸಿದೆ. ಇಲ್ಲದಿದ್ದರೆ ನಮ್ಮ ಬಟ್ಟೆ ನಮಗಿಂತ ಮೊದಲು ಊರು ಸೇರುತ್ತಿತ್ತು. ಬ್ಯಾಗು ಮುಂದಿನ ವಿಮಾನಕ್ಕೆ ಬಂತು, ಆದರೆ ಅಷ್ಟರಲ್ಲಿ ನಾವು ಹಡಗು ಹತ್ತಿಯಾಗಿತ್ತು. ಅದು ಇನ್ನೊಂದು ಹಡಗಿನಲ್ಲಿ ಬರಬೇಕಾಯಿತು. 21 ದಿನವಾದರೂ ಬ್ಯಾಗು ಬರದಿದ್ದರೆ ಕಳೆದುಹೋಯಿತು ಅಂತ ಲೆಕ್ಕ. ದೇಶದೊಳಗಿನ ಪ್ರಯಾಣದಲ್ಲಿ ಕಂಪನಿಯ ಹೊಣೆ ಒಬ್ಬರಿಗೆ ಹೆಚ್ಚೆಂದರೆ 20,000 ರೂಪಾಯಿ. ಒಂದು ಒಳ್ಳೆಯ ಇಳಕಲ್ ರೇಷ್ಮೆ ಸೀರೆ, ನಾಲ್ಕು ಡ್ರೆಸ್ಸು, ಬ್ಯಾಗು ಸೇರಿದರೆ ಅದು ಮುಗಿದೇ ಹೋಗುತ್ತದೆ.

ಹಂಚಿದ್ದರಿಂದ ಆವತ್ತು ಯಾರೂ ಬಟ್ಟೆ ಇಲ್ಲದೆ ಕೂರಲಿಲ್ಲ. ಆದರೆ ಹಂಚುವುದರ ಇನ್ನೊಂದು ಮುಖ ನನಗೆ ಮಾತ್ರ ಗೊತ್ತು. ಎಲ್ಲ ಎಲ್ಲದರಲ್ಲಿದ್ದರೆ, ಯಾವುದು ಎಲ್ಲಿದೆ ಅಂತ ತುಂಬಿದವರನ್ನೇ ಕೇಳಬೇಕು. ಟವೆಲ್ ಯಾವ ಬ್ಯಾಗಲ್ಲಿದೆ? ಚಾರ್ಜರ್? ಅಮೃತಾಂಜನ? ನನ್ನ ಕರಿ ಚಡ್ಡಿ? ಬಾತ್‌ರೂಮಿನೊಳಗಿಂದ ಒಂದು ದನಿ, ಬಾಲ್ಕನಿಯಿಂದ ಒಂದು ದನಿ. ರೆಸಾರ್ಟಿನಲ್ಲಿ ಅಡುಗೆ ಇಲ್ಲ, ಪಾತ್ರೆ ಇಲ್ಲ, ಹಾಸಿಗೆಯೂ ಅವರೇ ಮಡಿಸುತ್ತಾರೆ. ಆದರೂ ಒಬ್ಬರ ತಲೆ ಮಾತ್ರ ಉಗ್ರಾಣದ ಬಾಗಿಲಲ್ಲೇ ಕೂತಿರುತ್ತದೆ. ಇದನ್ನು ಯಾರೂ ಕೆಲಸ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೇಳಿದ್ದು ಬರೀ ಒಂದು ಪ್ರಶ್ನೆ, ಅಲ್ವಾ?

ಅತ್ತೆ ಒಂದು ಸಲ ಹೇಳಿದ್ದರು. ಅವರು ಮದುವೆಯಾಗಿ ಬಂದ ಹೊಸತರಲ್ಲಿ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಭಾರತ ಹುಣ್ಣಿಮೆಗೆ ಇಡೀ ಮನೆ ಹೋಗುತ್ತಿತ್ತಂತೆ. ಹಾಸಿಗೆ ಗಂಟು, ಪಾತ್ರೆ, ಜೋಳದ ಹಿಟ್ಟು, ಒಲೆಗೆ ಕಟ್ಟಿಗೆ, ಕೂಸುಗಳ ಕೌದಿ. ಯಾವ ಗಂಟಿನಲ್ಲಿ ಏನಿದೆ ಅನ್ನುವುದು ಅವರಿಗೆ ಕತ್ತಲಲ್ಲೂ ಗೊತ್ತಿತ್ತು. ದರ್ಶನಕ್ಕೆ ಪಾಳಿ ಹಚ್ಚುವಾಗ ಸಾಮಾನಿನ ಹತ್ತಿರ ಯಾರಾದರೂ ಇರಬೇಕಲ್ಲ. "ನೀ ಇರವಾ, ನಾವು ಬಂದ್ ಕೂಡ್ಲೆ ನೀ ಹೋಗೀಯಂತ," ಅನ್ನುತ್ತಿದ್ದರಂತೆ. ಅವರು ಬರುವಷ್ಟರಲ್ಲಿ ಎತ್ತಿನಗಾಡಿ ಹೂಡುವ ಹೊತ್ತು. "ಎಷ್ಟು ಸಲ ಗುಡ್ಡಕ್ಕ ಹೋಗೇನಿ, ಅವ್ವನ ಮುಖ ಸರಿಯಾಗಿ ನೋಡಿದ್ದು ಮುಪ್ಪಿನ ಕಾಲಕ್ಕ. ಚೀಲ ಎಣಿಸೂದರಾಗ ಹೋತು." ಸಿಟ್ಟಿನಿಂದ ಹೇಳಿದ್ದಲ್ಲ. ಅಡಕೆ ಕತ್ತರಿಸುತ್ತ, ಯಾರದೋ ಸುದ್ದಿ ಹೇಳಿದ ಹಾಗೆ ಹೇಳಿದರು. ನಾನು ಮಾತ್ರ ಅದನ್ನು ಮರೆತಿಲ್ಲ.

ಹಾಗಾಗಿ ಈ ಸಲ ಬ್ಯಾಗು ತುಂಬುವಾಗ ಒಂದು ಪದ್ಧತಿ ಮಾಡಿದೆ. ಹೇಳಿಕೊಳ್ಳುವಂಥದ್ದೇನಲ್ಲ. ಪ್ರತಿ ಬ್ಯಾಗಿನ ಜಿಪ್ಪು ಹಾಕುವ ಮುಂಚೆ ತೆರೆದಿಟ್ಟು ಒಂದು ಫೋಟೋ. ಮಗಳು ಒಂದು ಹಾಳೆಯಲ್ಲಿ ಒಳಗೇನಿದೆ ಅಂತ ದೊಡ್ಡಕ್ಷರದಲ್ಲಿ ಬರೆದು ಅದರದೂ ಫೋಟೋ. ಎರಡನ್ನೂ ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿದೆವು. ಹಾಳೆಯನ್ನು ಬ್ಯಾಗಿನ ಮೇಲ್ಗಡೆಯೇ ಇಟ್ಟೆವು, ಫೋನ್ ನೋಡದ ಅತ್ತೆಗೆ ಅಂತ. ತುಂಬುವಾಗ ನಮ್ಮನೆಯವರು ಬರೀ ತೂಕ ಹೇಳುವಂತಿಲ್ಲ, ಒಂದು ಬ್ಯಾಗನ್ನು ಪೂರ್ತಿ ಅವರೇ ತುಂಬಬೇಕು ಅಂತ ಕರಾರು. ಕೊಂಚ ಗೊಣಗಿದರು. ಆಮೇಲೆ ನೋಡಿದರೆ ಶರ್ಟುಗಳನ್ನು ಸುರುಳಿ ಸುತ್ತಿ, ಬೂಟಿನೊಳಗೆ ಕಾಲುಚೀಲ ತುರುಕಿ, ಒಂದು ಇಂಚೂ ಪೋಲಾಗದಂತೆ ತುಂಬಿದ್ದರು. ಲಾರಿಗೆ ಮಾಲು ಹೇರುವವರಿಗೆ ಇದನ್ನು ಕಲಿಸಬೇಕಿತ್ತಾ? ಇಷ್ಟು ವರ್ಷ ಸುಮ್ನೆ ಕೂತಿದ್ದರು, ಅಷ್ಟೇ.

ರೆಸಾರ್ಟಿನಲ್ಲಿ ಮೊದಲ ಸಂಜೆ ಮತ್ತೆ ಅದೇ ಪ್ರಶ್ನೆ ಬಂತು. "ಗ್ರೂಪ್ ನೋಡ್ರಿ" ಅಂದೆ. ಹುಡುಕಲು ಬಹಳ ಹೊತ್ತೇ ಹಿಡಿಯಿತು, ಎರಡು ಬ್ಯಾಗು ಅಡಿಮೇಲಾದವು. ನಾನು ಎದ್ದು ಹೋಗಿ ತೆಗೆದುಕೊಟ್ಟಿದ್ದರೆ ಅರ್ಧ ನಿಮಿಷದ ಕೆಲಸ. ಎದ್ದೇಳದೆ ಕೂರುವುದಿದೆಯಲ್ಲ, ಅದು ಅಷ್ಟು ಸುಲಭವಲ್ಲ. ಮರುದಿನದಿಂದ ಪ್ರಶ್ನೆ ಕಡಿಮೆಯಾದವು. ಮಗ ಅಂತೂ ಅಜ್ಜಿಯ ಗುಳಿಗೆ ಎಲ್ಲಿದೆ ಅಂತ ಅವರಿಗಿಂತ ಮೊದಲು ಹೇಳುತ್ತಿದ್ದ.

ಸಮುದ್ರಕ್ಕೆ ಹೋಗುವಾಗ ಇನ್ನೊಂದು ನಿಯಮ. ಕಾಯಬೇಕಾದ ಯಾವುದನ್ನೂ ಒಯ್ಯಬಾರದು. ಕೋಣೆಯ ಕೀಲಿ, ಒಂದು ಫೋನು, ನೀರು ಹೋಗದ ಚೀಲದಲ್ಲಿ ಕೊರಳಿಗೆ. ಪರ್ಸು, ಕ್ಯಾಮೆರಾ, ತಿಂಡಿ ಡಬ್ಬಿ ಎಲ್ಲ ಕೋಣೆಯಲ್ಲೇ. ದಂಡೆಯಲ್ಲಿ ಬ್ಯಾಗಿನ ರಾಶಿ ಇಲ್ಲದಿದ್ದರೆ ಅದರ ಪಕ್ಕ ಒಬ್ಬ ಹೆಂಗಸು ಕೂರಬೇಕಾಗಿಲ್ಲ. ಅತ್ತೆ ಅಲ್ಲಿ ಕೊಂಡ ಕಾಯಿ, ಅರಿಶಿನ ಕುಂಕುಮ, ಊರಿಂದ ಒಯ್ದ ಉತ್ತತ್ತಿ ಹಿಡಿದು ಮೊಣಕಾಲುದ್ದ ನೀರಿಗೆ ಇಳಿದರು. ಇಳಕಲ್ ಸೀರೆ ಒದ್ದೆಯಾದದ್ದಕ್ಕೆ ಯಾವ ಬೇಜಾರೂ ಇರಲಿಲ್ಲ. ಹೊರಗೆ ಬಾ ಅಂತ ಕರೆದರೆ ಬರಲೇ ಒಲ್ಲರು.

ಹಿಂದಿರುಗುವಾಗ ಸಾಮಾನು ಬೆಳೆದಿರುತ್ತದೆ, ಏನೂ ಕೊಳ್ಳದಿದ್ದರೂ. ರೊಟ್ಟಿ ಮುಗಿದಿತ್ತು, ಆದರೆ ಒದ್ದೆ ಬಟ್ಟೆಗೆ ತೂಕ, ಚಪ್ಪಲಿಯ ಮರಳಿಗೆ ತೂಕ. ಒಂದು ಮಡಚುವ ಚೀಲ ಮತ್ತು ಎರಡು ದೊಡ್ಡ ಪ್ಲಾಸ್ಟಿಕ್ ಕವರು ಬ್ಯಾಗಿನ ತಳದಲ್ಲಿ ಇದ್ದೇ ಇರಲಿ. ಮಗಳು ಆರಿಸಿಟ್ಟಿದ್ದ ಹವಳದ ಚೂರು, ಚಿಪ್ಪುಗಳನ್ನು ಮಾತ್ರ ದಂಡೆಯಲ್ಲೇ ಬಿಡಿಸಿದೆವು. ಹವಳಕ್ಕೆ 1972ರ ವನ್ಯಜೀವಿ ರಕ್ಷಣಾ ಕಾಯ್ದೆಯ ಕಾವಲಿದೆ, ಸತ್ತ ಚೂರಾದರೂ ಒಯ್ಯುವಂತಿಲ್ಲ, ನಿಲ್ದಾಣದ ತಪಾಸಣೆಯಲ್ಲಿ ತೆಗೆಸುತ್ತಾರೆ. ಅವಳು ಅತ್ತಳು. ಅಜ್ಜಿ ಅವಳಿಗೆ ಉಡಿಯ ಉತ್ತತ್ತಿ ಕೊಟ್ಟು ಸುಮ್ಮನಾಗಿಸಿದರು.

ಬ್ಯಾಗು ತುಂಬುವ ಕೆಲಸ ಹೀಗೆ ನಾಲ್ಕು ಕೈಗೆ ಹಂಚಿತು. ಖಾಲಿ ಮಾಡುವ ಕೆಲಸ ಯಾರದು ಅನ್ನುವುದು ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ನಮ್ಮನೆಯವರು ತುಂಬಿದ್ದ ಬ್ಯಾಗು ಪಡಸಾಲೆಯಲ್ಲೇ ಇದೆ. ಕಸ ಹೊಡೆಯುವಾಗ ಅದನ್ನು ಅತ್ತ ಸರಿಸುತ್ತೇನೆ, ಆಮೇಲೆ ಇತ್ತ ಸರಿಸುತ್ತೇನೆ. ಜಿಪ್ಪು ಮಾತ್ರ ಮುಟ್ಟಿಲ್ಲ. ನಿನ್ನೆ ಅವರು ತಮ್ಮ ನೀಲಿ ಶರ್ಟ್ ಎಲ್ಲಿ ಅಂತ ಕೇಳಿದರು. ಗ್ರೂಪ್ ನೋಡ್ರಿ ಅಂದೆ.